ಬಾವುಟದ ಕೋಲಿಗೆ ಪಾಟಿಚೀಲ

ನನ್ನ ಕಾಕಾ ಗುರುಬಸಪ್ಪನವರು ಬೈಲಹೊಂಗಲದಿಂದ ಡಚ್ಚರ ನಾಡಿನ ಆಮ್ಸ್ಟೆಲ್‌ವೀನ್‌ಗೆ, ನಮ್ಮ ಮನೆಗೆ, ಬಂದದ್ದು ಟ್ಯೂಲಿಪ್ ತೋಟ ನೋಡಲೆಂದು. ಎರಡು ಸಾವಿರದ ಇಪ್ಪತ್ತರ ಮಾರ್ಚ್ ತಿಂಗಳ ಆರಂಭ. ಅವರು ಬ್ಯಾಗು ಬಿಚ್ಚಿ ಪಂಚೆ ಮಡಚಿಡುವಷ್ಟರಲ್ಲಿ ಕೊರೊನಾ ಬಂತು, ತೋಟಕ್ಕೆ ಬೀಗ ಬಿತ್ತು, ವಿಮಾನಗಳು ನಿಂತವು. ಕಾಕಾ ಕಂಡ ಟ್ಯೂಲಿಪ್ ಎಂದರೆ ನನ್ನ ಗಂಡ ಶಿವಪ್ರಸಾದ್ ಕಿರಾಣಿಯ ಜೊತೆ ತಂದ ಒಂದು ಕಟ್ಟು ಅಷ್ಟೇ. ಅದನ್ನೇ ತೊಡೆಯ ಮೇಲಿಟ್ಟುಕೊಂಡು ಫೋಟೋ ತೆಗೆಸಿ ಊರಿನಲ್ಲಿದ್ದ ರುಕ್ಮಿಣಿ ಕಾಕುವಿಗೆ ಕಳಿಸಿದರು. "ಇಷ್ಟಕ್ಕ ಅಷ್ಟು ದೂರ ಹೋಗಬೇಕಾಗಿತ್ತೇನ್ರಿ?" ಎಂದು ಕಾಕು ಫೋನಿನಲ್ಲೇ ಬಿದ್ದು ಬಿದ್ದು ನಕ್ಕರು.

ನಮ್ಮ ಪಾಡು ಕೇಳಿ. ಊಟದ ಮೇಜು ನನ್ನ ಆಫೀಸು, ಮಲಗುವ ಕೋಣೆ ಶಿವಪ್ರಸಾದರ ಆಫೀಸು, ಮಹಡಿಯ ಮೆಟ್ಟಿಲು ನಮ್ಮ ಮಗಳು ದೀಕ್ಷಾಳ ಶಾಲೆ. ಇದರ ನಡುವೆ ಕಾಕಾ. ಜೀವಮಾನವಿಡೀ ಗಣಿತದ ಮಾಸ್ತರರಾಗಿ, ಕೊನೆಗೆ ಹೆಡ್‌ಮಾಸ್ತರರಾಗಿ ನಿವೃತ್ತರಾದವರು ಸುಮ್ಮನೆ ಕೂರುತ್ತಾರೆಯೇ? ನಾನು ಮ್ಯಾನೇಜರ್ ಜೊತೆ ಮಾತಾಡುವಾಗ ಬೆನ್ನ ಹಿಂದೆ ಹದಿನೇಳರ ಮಗ್ಗಿ ಶುರುವಾಗುತ್ತಿತ್ತು.

"ಕ್ಯಾಲ್ಕ್ಯುಲೇಟರ್ ಇದೆಯಲ್ಲಾ ಅಜ್ಜಾ," ಎನ್ನುವಳು ದೀಕ್ಷಾ.

"ಕರೆಂಟ್ ಹೋದ್ರ?"

"ಇಲ್ಲಿ ಕರೆಂಟ್ ಹೋಗೋದೇ ಇಲ್ಲ."

"ಹೋಗೂತನಾ ಮಗ್ಗಿ ಹೇಳು ಮತ್ತ."

ನನಗೆ ರೇಗುತ್ತಿತ್ತು, ನಿಜ. ಆದರೆ ಅಜ್ಜ ಮೊಮ್ಮಗಳ ಈ ಜಗಳ ಇಲ್ಲದಿದ್ದರೆ ಆ ವಸಂತದಲ್ಲಿ ನನಗೆ ಹುಚ್ಚು ಹಿಡಿಯುತ್ತಿತ್ತು, ಅದೂ ನಿಜ.

ಇಲ್ಲಿಯ ಮನೆಗಳಿಗೆ ಬೀದಿಯ ಕಡೆ ದೊಡ್ಡ ಗಾಜಿನ ಕಿಟಕಿ, ಪರದೆ ಇರುವುದಿಲ್ಲ. ಕಾಕಾ ಅಲ್ಲಿ ಕುರ್ಚಿ ಹಾಕಿಕೊಂಡು ಬೀದಿಯ ಹಾಜರಿ ತೆಗೆಯುತ್ತಿದ್ದರು. ಪಕ್ಕದ ಮನೆಯ ಲೀಕೆ, ಎದುರು ಮನೆಯ ಅನೂಕ್ ಇಬ್ಬರೂ ಹೈಸ್ಕೂಲಿನ ಕೊನೆಯ ವರ್ಷದ ಹುಡುಗಿಯರು. ಜೋಡಿಯಾಗಿ ಸೈಕಲ್ ಹೊಡೆದುಕೊಂಡು ಹೋಗುವಾಗ ಕಾಕಾ ಕೈಮುಗಿದರೆ ಅವರೂ ಹ್ಯಾಂಡಲ್ ಬಿಟ್ಟು ಕೈಮುಗಿಯುತ್ತಿದ್ದರು. "ಬೀಳ್ತೀರಿ, ಹಿಡಕೋರಿ!" ಎಂದು ಇವರು ಗಾಜಿನೊಳಗಿಂದ ಕೂಗುವುದು. ಹೊರಗೆ ಮಾತ್ರ ನಾನು ಬಿಡುತ್ತಿರಲಿಲ್ಲ. ಎಪ್ಪತ್ತು ದಾಟಿದ ವಯಸ್ಸು, ಮೇಲೆ ಸಕ್ಕರೆ ಕಾಯಿಲೆ. "ಹೊಸ್ತಿಲಾ ದಾಟಿದ್ರ ನೋಡ್ರಿ ಮತ್ತ," ಎಂದು ಬೆರಳು ತೋರಿಸಿ ಹೇಳಿದ್ದೆ.

ಜೂನ್ ಮೊದಲ ವಾರ ಒಂದು ಮಧ್ಯಾಹ್ನ, ಲೀಕೆಯ ಮನೆಯ ಗೋಡೆಗೆ ಸಿಕ್ಕಿಸಿದ್ದ ಬಾವುಟದ ಕೋಲಿನ ತುದಿಯಲ್ಲಿ ಒಂದು ಶಾಲಾ ಚೀಲ ನೇತಾಡುತ್ತಿತ್ತು. ಕಾಕಾ ಅದನ್ನು ಕಂಡು ಎದ್ದು ನಿಂತರು. ನಾನು ಮೀಟಿಂಗಿನಲ್ಲಿದ್ದೆ. ಮೆಟ್ಟಿಲ ಮೇಲಿದ್ದ ದೀಕ್ಷಾಳನ್ನು ಕೇಳಿದರು. "ಅದು ಲೀಕೆ ಬ್ಯಾಗ್ ಅಜ್ಜಾ. ಎಕ್ಸಾಮ್ ರಿಸಲ್ಟ್ ಬಂತಲ್ಲ, ಅದಕ್ಕೇ ಹ್ಯಾಂಗ್ ಮಾಡಿದಾರೆ," ಎಂದು ಅವಳು ಮತ್ತೆ ಹೆಡ್‌ಫೋನ್ ಏರಿಸಿಕೊಂಡಳು.

ಬೇರೆ ಯಾರಾದರೂ ಆಗಿದ್ದರೆ ಇನ್ನೊಂದು ಪ್ರಶ್ನೆ ಕೇಳುತ್ತಿದ್ದರು. ಆದರೆ ಕಾಕಾ ಹುಡುಗನಾಗಿದ್ದಾಗ ಮುಲ್ಕಿಯಲ್ಲಿ, ಅಂದರೆ ಏಳನೆಯ ಇಯತ್ತೆಯ ದೊಡ್ಡ ಪರೀಕ್ಷೆಯಲ್ಲಿ ನಪಾಸಾಗಿದ್ದರು. ಅವರ ಶಾಲೆಯ ಆಗಿನ ಮಾಸ್ತರರು ನಪಾಸಾದವರ ಪಾಟಿಚೀಲವನ್ನು ಅಂಗಳದ ಬೇವಿನ ಮರಕ್ಕೆ ಕಟ್ಟಿಸುತ್ತಿದ್ದರಂತೆ, ಊರೆಲ್ಲ ನೋಡಲಿ ಎಂದು. ಕಾಕಾನ ಚೀಲವೂ ಅಲ್ಲಿ ತೂಗಿತ್ತು. ಮುಂದೆ ತಾವೇ ಹೆಡ್‌ಮಾಸ್ತರರಾದಾಗ ಫಲಿತಾಂಶದ ದಿನ ಪಾಸಾದವರ ಪೇಢೆ ಅವರು ಮುಟ್ಟುತ್ತಿರಲಿಲ್ಲ. ಕಾಕು ಕಟ್ಟಿದ ಶೇಂಗಾ ಉಂಡಿಯ ಡಬ್ಬಿ ಹಿಡಿದು ಮೊದಲು ನಪಾಸಾದವರ ಮನೆಗಳಿಗೆ ಹೋಗುತ್ತಿದ್ದರು. ಒಂದು ವರ್ಷ ಅವರು ತಲುಪುವ ಮೊದಲೇ ಒಬ್ಬ ಹುಡುಗಿ ಬಾವಿಯ ಪಾಲಾಗಿದ್ದಳು. ಆಮೇಲಿಂದ ಅಂಥ ಮನೆಗಳನ್ನೆಲ್ಲ ಮುಗಿಸುವವರೆಗೆ ಅವರ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. ಈ ಡಬ್ಬಿಯ ಓಡಾಟವನ್ನು ನಾನು ಚಿಕ್ಕವಳಿದ್ದಾಗಲೇ ಕಣ್ಣಾರೆ ಕಂಡವಳು.

ಹಾಗಾಗಿ ಲ್ಯಾಪ್‌ಟಾಪಿನಿಂದ ಕತ್ತೆತ್ತಿದಾಗ ನನಗೆ ಕಂಡದ್ದೇನು? ಪಂಚೆ, ಕರಿ ಕೋಟು, ಬಾಯಿಗೆ ಮಾಸ್ಕು, ಕೈಯಲ್ಲಿ ಹಿಂದಿನ ದಿನ ದೀಕ್ಷಾಳಿಗೆಂದು ತಾವೇ ಕಟ್ಟಿದ್ದ ಉಂಡಿಯ ಡಬ್ಬಿ, ಲೀಕೆಯ ಬಾಗಿಲ ಮುಂದೆ ಕಾಕಾ! "ಅಯ್ಯ ಶಿವನೇ!" ಎಂದೆ. ಮೈಕು ಆನ್ ಇತ್ತು. ಆಫೀಸಿನವರೆಲ್ಲ ಕೇಳಿಸಿಕೊಂಡರು. ಬರಿಗಾಲಲ್ಲೇ ಓಡಿದೆ.

ಅಷ್ಟರಲ್ಲಿ ಲೀಕೆ ಬಾಗಿಲು ತೆರೆದಿದ್ದಳು. ಕಾಕಾ ಡಬ್ಬಿಯನ್ನು ನೆಲದ ಮೇಲಿಟ್ಟು, ದೂರ ಸರಿದು, ಪ್ರಾರ್ಥನೆಯ ಹೊತ್ತಿನ ಹೆಡ್‌ಮಾಸ್ತರರ ದನಿಯಲ್ಲಿ ಇಂಗ್ಲಿಷಿನಲ್ಲಿ ಶುರುಮಾಡಿದರು: "ಮಗಳೇ, ಧೈರ್ಯಗೆಡಬೇಡ. ನಾನೂ ಫೇಲಾದವನು. ನನ್ನ ಚೀಲವನ್ನೂ ಕಟ್ಟಿದ್ದರು. ನೋಡು, ಇನ್ನೂ ಬದುಕಿದ್ದೇನೆ."

ಲೀಕೆ ಕಣ್ಣು ಬಾಯಿ ಬಿಟ್ಟಳು. "ಆದರೆ ಸರ್, ನಾನು ಪಾಸಾಗಿದ್ದೇನೆ!"

ಅವಳ ತಾಯಿ ಮಾರ್ಗ್ರೀತ್ ಹೊರಗೆ ಬಂದು ವಿವರಿಸಿದಳು: ಹೈಸ್ಕೂಲು ಪಾಸಾದವರ ಮನೆಯಲ್ಲೇ ಬಾವುಟ ಏರಿಸುವುದು, ಚೀಲದ ಕೆಲಸ ಮುಗಿಯಿತೆಂದು ಅದನ್ನೂ ಕೋಲಿಗೆ ತೂಗಿಹಾಕುವುದು. ಕಾಕಾ ಒಂದು ಕ್ಷಣ ಆ ಚೀಲವನ್ನೇ ನೋಡಿದರು. ಆಮೇಲೆ ನಗಲು ಶುರುಮಾಡಿದವರು ಕೋಟಿನ ಗುಂಡಿ ಹಿಡಿದುಕೊಂಡು ನಕ್ಕು ನನ್ನ ಕಡೆ ತಿರುಗಿದರು. "ಏ ವಾಣಿ, ಎಂಥಾ ಛಲೋ ದೇಶಾ ಐತಲೇ ಇದು! ಪಾಸಾದವ್ರ ಚೀಲಾ ಕಟ್ತಾರ!" ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಬೀದಿಯವರು ಕುರ್ಚಿ ತಂದು ಒಬ್ಬರಿಂದೊಬ್ಬರು ದೂರ ಹಾಕಿಕೊಂಡು ಕೂತರು. ಮಾರ್ಗ್ರೀತ್ ಕಾಫಿ ತಂದಳು, ಉಂಡಿಯ ಡಬ್ಬಿ ತಟ್ಟೆಯಂತೆ ಎಲ್ಲರ ಮುಂದೆ ಸುತ್ತಿತು. ಎಷ್ಟು ತಿಂಗಳಾಗಿತ್ತು ಹಾಗೆ ನಾಲ್ಕು ಜನರ ಮುಖ ನೋಡಿ! ಉಂಡಿಗೆ ಏನು ಹಾಕುತ್ತೀರಿ ಎಂದು ಕೇಳಿದವರಿಗೆಲ್ಲ ಬೆಲ್ಲದ ಪಾಠ ಮಾಡುತ್ತ ಕಾಕಾ ಮದುಮಗನಂತೆ ಮೆರೆದರು.

ಆ ಸಡಗರದ ನಡುವೆಯೇ ಅವರ ಕಣ್ಣು ಎದುರು ಮನೆಗೆ ಹೋಯಿತು. ಅಲ್ಲಿ ಬಾವುಟ ಇರಲಿಲ್ಲ. "ನಿನ್ನ ಗೆಳತಿ?" ಎಂದು ಲೀಕೆಯನ್ನು ಕೇಳಿದರು.

ಲೀಕೆಯ ದನಿ ಇಳಿಯಿತು. ಅನೂಕ್ ಪಾಸಾಗಿಲ್ಲ, ಫೋನು ಎತ್ತುತ್ತಿಲ್ಲ, ಬಾಗಿಲೂ ತೆಗೆಯುತ್ತಿಲ್ಲ. ಅವಳಮ್ಮ ಆಸ್ಪತ್ರೆಯಲ್ಲಿ ನರ್ಸ್, ಕೊರೊನಾ ಡ್ಯೂಟಿಗೆ ಹೋಗಿದ್ದಾಳೆ.

ಕಾಕಾ ಕಾಫಿಯ ಕಪ್ಪು ಕೆಳಗಿಟ್ಟರು. ಮುಖದ ನಗು ಹೋಗಿತ್ತು. ಮೊದಲು ಹೇಳದೆ ಇಲ್ಲಿ ಒಡಹುಟ್ಟಿದವರ ಮನೆಗೂ ಯಾರೂ ಹೋಗುವುದಿಲ್ಲ. ಅವಳಿಗೆ ಒಂಟಿಯಾಗಿ ಇರಬೇಕೆನಿಸಿರಬಹುದು, ಬಿಟ್ಟುಬಿಡುವುದೇ ಮರ್ಯಾದೆ ಎಂದಳು ಮಾರ್ಗ್ರೀತ್. ನಾನೂ ಅದನ್ನೇ ಹೇಳಿದೆ. "ಕಾಕಾ, ಇಲ್ಲಿ ಹಂಗ ಕರೀದ ಹೋಗಂಗಿಲ್ರಿ. ಬ್ಯಾಡ್ರಿ."

"ಅಂಥಾ ಹೊತ್ತಿನ್ಯಾಗ ಯಾರ ಕರೀತಾರ, ತಂಗಿ?" ಎಂದರು. ಡಬ್ಬಿಯಲ್ಲಿ ಉಳಿದದ್ದನ್ನು ಮುಚ್ಚಿ ಬೀದಿ ದಾಟಿಯೇಬಿಟ್ಟರು.

ಗಂಟೆ ಒತ್ತಿದರು. ಯಾರೂ ಬಾಗಿಲಿಗೆ ಬರಲಿಲ್ಲ. ಮತ್ತೆ ಒತ್ತಲಿಲ್ಲ. ಬಾಗಿಲ ಪಕ್ಕದ ಬೆಂಚಿನ ಒಂದು ತುದಿಯಲ್ಲಿ ಡಬ್ಬಿ, ಇನ್ನೊಂದು ತುದಿಯಲ್ಲಿ ತಾವು, ಕೂತುಬಿಟ್ಟರು. ಮರ್ಯಾದೆ ಹೋಯಿತಲ್ಲಪ್ಪಾ ಎಂದು ನನಗೆ ಒಂದು ಕಡೆ, ಆ ಹುಡುಗಿ ಒಳಗೆ ಏನು ಮಾಡುತ್ತಿದ್ದಾಳೋ ಎಂಬ ದಿಗಿಲು ಇನ್ನೊಂದು ಕಡೆ. ತುಂಬ ಹೊತ್ತಿನ ಮೇಲೆ ಮಹಡಿಯ ಕಿಟಕಿ ತೆರೆಯಿತು. ಅನೂಕ್‌ಳ ಮುಖ ಅತ್ತು ಅತ್ತು ಊದಿತ್ತು.

"ಏನು ಬೇಕು ನಿಮಗೆ?" ಎಂದಳು ಇಂಗ್ಲಿಷಿನಲ್ಲಿ, ಒರಟಾಗಿಯೇ.

"ಏನೂ ಬೇಡ. ನಾನೂ ನಿನ್ನ ಹಾಗೆ ಫೇಲಾದವನು. ನಿನಗೆ ಯಾವಾಗ ಅನಿಸುತ್ತದೋ ಆಗ ಕೆಳಗೆ ಬಾ. ನನಗೆ ಗಡಿಬಿಡಿ ಇಲ್ಲ, ಹೇಗೂ ವಿಮಾನ ಇಲ್ಲ," ಎಂದರು ಕಾಕಾ.

ಕಿಟಕಿ ಮುಚ್ಚಿತು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ಅನೂಕ್ ಕಾಲುಚೀಲದಲ್ಲೇ ಹೊರಗೆ ಬಂದು ಹೊಸ್ತಿಲ ಮೇಲೆ ಕೂತಳು. ಒಂದು ಉಂಡಿ ತಿಂದಳು. ಇನ್ನೊಂದು ತೆಗೆದುಕೊಂಡಳು. ಯಾವ ವಿಷಯದಲ್ಲಿ ಹೋಯಿತು ಎಂದು ಕಾಕಾ ಕೇಳಿದರು.

"ಗಣಿತ. ಇನ್ನೊಂದು ಪರೀಕ್ಷೆ ಕೊಡುತ್ತಾರಂತೆ. ನನ್ನಿಂದ ಆಗುವುದಿಲ್ಲ."

"ಗಣಿತಾ?" ಕಾಕಾ ಕನ್ನಡಕ್ಕೇ ಇಳಿದು ಕೂಗಿದರು. "ಏ ವಾಣಿ, ಕೇಳಿದ್ಯಾ? ಗಣಿತ ಅಂತ! ನಾ ಇಲ್ಲಿ ಖಾಲಿ ಕುಂತೀನಿ, ಇಕಿ ಗಣಿತಕ್ಕ ಅಳಾಕತ್ತಾಳ!" ಮುದುಕ ಕೂತಲ್ಲೇ ಕುಣಿಯುವುದನ್ನು ಕಂಡು ಅನೂಕ್‌ಳಿಗೆ ನಗು ತಡೆಯಲಾಗಲಿಲ್ಲ, ಬಾಯಿ ತುಂಬ ಶೇಂಗಾ ಇಟ್ಟುಕೊಂಡೇ ನಕ್ಕಳು.

ಅದೇ ಹೊತ್ತಿಗೆ ಅವಳ ತಾಯಿಯ ಸೈಕಲ್ ಬೀದಿಯ ತಿರುವಿನಲ್ಲಿ ಬಂತು. ಮಗಳನ್ನು ಕಂಡವಳೇ ಸೈಕಲನ್ನು ನಡುರಸ್ತೆಯಲ್ಲೇ ಬಿಟ್ಟು ಓಡಿಬಂದು ಅಪ್ಪಿಕೊಂಡಳು. ಬೆಳಗ್ಗೆ ಎಷ್ಟು ಬಡಿದರೂ ಕೋಣೆಯ ಬಾಗಿಲು ತೆಗೆಯಲಿಲ್ಲ, ಹಾಗೆಯೇ ಬಿಟ್ಟು ಡ್ಯೂಟಿಗೆ ಹೋಗಬೇಕಾಯಿತು ಎಂದು ಡಚ್ಚಿನಲ್ಲಿ ಹೇಳುತ್ತ ಅತ್ತಳು. ಆಮೇಲೆ ನಡೆದದ್ದನ್ನು ಮಗಳಿಂದ ಕೇಳಿ ಕಾಕಾನ ಕಡೆ ತಿರುಗಿ, ಇವರಿಗೆ ಹೇಗೆ ಧನ್ಯವಾದ ಹೇಳಲಿ ಎಂದು, ಬೀದಿ ದಾಟಿ ಬಂದಿದ್ದ ನನ್ನನ್ನು ಕೇಳಿದಳು.

ಕಾಕಾ ಡಬ್ಬಿಯ ಮುಚ್ಚಳ ಹಾಕುತ್ತಿದ್ದರು. ನಾನು ಅವಳ ಮಾತನ್ನು ತಿಳಿಸಿದೆ. "ನಾ ಏನ್ ಮಾಡೀನಿ? ಬರೇ ಕುಂತಿದ್ದೆ," ಎಂದರು. "ಬಾಗಲಾ ತಗದಾಕಿ ಅಕೀ ಮಗಳು. ಹಂಗಂತ ಹೇಳವಾ ಅಕೀಗೆ."

ಹೇಳಿದೆ. ಹೇಳುವಾಗ ನನಗೂ ಅಳು ಬಂತು.