ಹೂಂ ಅನ್ನದ ಸಂದರ್ಶನ

ಹಿರೇಕೆರೂರಿನಿಂದ ಆ ಫೋನು ಬಂದಾಗ ನಾನು ಹಾನಗಲ್ಲಿನ ಮನೆಯಲ್ಲಿ ಶಾಲೆಯ ಮಕ್ಕಳ ಪೇಪರು ತಿದ್ದುತ್ತಿದ್ದೆ.

"ಅಕ್ಕೋರ, ಸವಣೂರಾಗ ನಮ್ಮವ್ವನ ಮಾತು ತುಂಬಿಕೊಂಡು ಹ್ವಾದವರು ನೀವ ಅಲ್ರಿ?"

ಹೌದು ಅಂದೆ.

"ಅವ್ವ ಹ್ವಾದ ತಿಂಗಳ ತೀರಿಕೊಂಡ್ಳರಿ. ಮಣ್ಣಿಗೆ ಬಂದ ಓಣಿ ಮಂದಿಯೆಲ್ಲಾ ಅಂದ್ರು, ನಿಮ್ಮವ್ವ ತನ್ನ ಕಥಿ ಪೂರಾ ಮಷೀನಿಗೆ ಹೇಳ್ಯಾಳ ಅಂತ. ಮೂರು ತಿಂಗಳ ಕೂಸಿದ್ದಾಗ ನನ್ನ ಯಾಕ ಬಿಟ್ಟು ಹ್ವಾದ್ಲು ಅನ್ನೂದೂ ಅದರಾಗ ಇರಬೇಕಲ್ರಿ? ನಾನು ಕೇಳಿದಾಗೆಲ್ಲಾ ಮಾತು ಮರಸಿ ಹಾಡು ಹೇಳತಿದ್ಲು."

ಅದರಲ್ಲಿ ಏನಿದೆ, ಏನಿಲ್ಲ ಅನ್ನುವುದು ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ "ಭಾನುವಾರ ತಗೊಂಡು ಬರ್ತೇನ್ರಿ" ಅಂದುಬಿಟ್ಟೆ. ಪಾಠ ಓದದ ಮಗುವನ್ನು ಎಬ್ಬಿಸಿ ನಿಲ್ಲಿಸುವ ನನಗೆ ಫೋನಿನಲ್ಲಿ ಒಂದು "ಇಲ್ಲ" ಹೇಳುವ ಧೈರ್ಯ ಬರಲಿಲ್ಲ.

ಶಾಲೆಗೆ ರಜೆ ಇದ್ದಾಗ ನಾನು ಊರೂರು ತಿರುಗಿ ಹಳೆಯ ಕಂಪನಿ ನಾಟಕದವರ, ಮೊದಮೊದಲ ಸಿನಿಮಾಗಳಲ್ಲಿ ಮುಖ ತೋರಿಸಿದವರ ಮಾತುಗಳನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದೆ. ಅವು ನಗರದ ಒಂದು ಧ್ವನಿ ಸಂಗ್ರಹಾಲಯಕ್ಕೆ ಹೋಗುತ್ತಿದ್ದವು. ನನ್ನ ಮೊದಲ ನಾಲ್ಕು ಸಂದರ್ಶನಗಳನ್ನು ಕೇಳಿದ ಅಲ್ಲಿಯ ಮುಖ್ಯಸ್ಥರು ತರಬೇತಿಗೆ ಕರೆಸಿದಾಗ ಎಲ್ಲರೆದುರು ನಕ್ಕಿದ್ದರು. "ಇದು ಕಲಾವಿದರ ದನಿಯೋ, ನಿಮ್ಮ ಹೂಂಕಾರವೋ ಮೇಡಂ? ಅವರ ಮಾತಿನ ಮೇಲೆ ನಿಮ್ಮ ದನಿ ಬೀಳಬಾರದು. ತಲೆಯಾಡಿಸಿ, ಸಾಕು." ನನಗೆ ಅವಮಾನದಿಂದ ಕಿವಿ ಬಿಸಿಯಾಯಿತು. ಅಂದಿನಿಂದ ಸಂದರ್ಶನಕ್ಕೆ ಕೂರುವ ಮೊದಲು ಬಾಯಲ್ಲಿ ಒಂದು ಲವಂಗ ಇಟ್ಟುಕೊಳ್ಳತೊಡಗಿದೆ. ಹೂಂ ಅನ್ನಲು ಹೊರಟರೆ ನಾಲಿಗೆಗೆ ಅದು ಎಚ್ಚರಿಕೆ ಕೊಡುತ್ತಿತ್ತು.

ನಮ್ಮ ಕಡೆ ಹೂಂ ಇಲ್ಲದೆ ಯಾರೂ ಮಾತಾಡುವುದಿಲ್ಲ. ನನ್ನ ಅಜ್ಜಿ ಕಥೆ ಹೇಳುವಾಗ ಎರಡು ಮಾತಿಗೊಮ್ಮೆ ನಾವು ಹೂಂಗುಡಬೇಕಿತ್ತು. ಒಂದು ತಪ್ಪಿದರೆ "ಮಲಗಿದ್ಯೇನ?" ಅಂತ ಕೇಳಿ, ರಾಜಕುಮಾರನನ್ನು ಕಾಡಿನಲ್ಲೇ ಬಿಟ್ಟು ತಾನು ಆಚೆ ಹೊರಳಿ ಮಲಗಿಬಿಡುತ್ತಿದ್ದಳು. ಇದನ್ನು ಹಾಲಿನ ಜೊತೆ ಕುಡಿದು ಬೆಳೆದವಳು ನಾನು. ಎರಡು ದಿನದ ತರಬೇತಿಯಲ್ಲಿ ಕಳಚಿಟ್ಟು ಬಂದೆ.

ಸವಣೂರಿನ ಆ ಹಿರಿಯ ಕಲಾವಿದೆಗೆ ಎಂಬತ್ತು ದಾಟಿತ್ತು. ಎಲೆತೋಟದ ಹಾದಿಯಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಕಣ್ಣಿಗೆ ಬೆಳಕು, ಕತ್ತಲೆ ಇಷ್ಟೇ ಗೊತ್ತಾಗುತ್ತಿತ್ತು. ಆದರೆ ತಡವರಿಸದೆ ಸ್ಟೋವ್ ಹಚ್ಚಿ, ಚಹಾ ಸೋಸಿ, ತಾಟಿನಲ್ಲಿ ಕುರುಕಲು ಖಾರ ಹಾಕಿ, "ತಿನ್ರಿ, ಸವಣೂರಿಗೆ ಬಂದು ಖಾರ ತಿನ್ನದ ಹೋದ್ರ ನಮ್ಮ ಮರ್ಯಾದಿ ಹೋಗತೈತಿ" ಅಂತ ಸರಿಯಾಗಿ ನನ್ನ ಕಡೆಗೇ ಮುಖ ಮಾಡಿ ಅಂದರು. ಅವರಿಗೆ ಕಾಣುವುದಿಲ್ಲ ಅನ್ನುವುದನ್ನು ನಾನು ಹತ್ತು ನಿಮಿಷದಲ್ಲಿ ಮರೆತೆ.

ಒಂಬತ್ತನೇ ವಯಸ್ಸಿಗೆ ಕಂಪನಿ ಸೇರಿದ್ದು, ಬಾಲಕೃಷ್ಣನ ಪಾರ್ಟು, ಕಾಲಪೇಟಿ ಹಾರ್ಮೋನಿಯಂ ಬಾರಿಸುವ ಮಾಸ್ತರರು ಸ್ವರ ತಪ್ಪಿದರೆ ಕಣ್ಣು ಬಿಡುತ್ತಿದ್ದುದು, ಒಂದು ಹಾಡಿಗೆ ನಾಲ್ಕು ಸಲ ವನ್ಸ್‌ಮೋರ್ ಬಿದ್ದದ್ದು, ಸಿನಿಮಾದಲ್ಲಿ ನಾಯಕಿಯ ಗೆಳತಿಯಾಗಿ ಬರೀ ನಗುತ್ತ ನಿಂತದ್ದು, ಎಲ್ಲವನ್ನೂ ಸರಾಗ ಹೇಳಿದರು. ಅದೆಲ್ಲ ಎಷ್ಟೋ ಜನಕ್ಕೆ ಹೇಳಿ ಹೇಳಿ ಬಾಯಿಪಾಠವಾದ ಮಾತು, ಅದಕ್ಕೆ ನನ್ನ ಹೂಂ ಬೇಕಾಗಿರಲಿಲ್ಲ.

ಆಮೇಲೆ ಒಮ್ಮೆಲೇ ದನಿ ತಗ್ಗಿತು. "ಕೂಸನ್ನ ಹಿರೇಕೆರೂರಾಗ ನಮ್ಮ ಚಿಗವ್ವನ ಉಡ್ಯಾಗ ಹಾಕಿ ಬಂದೆರಿ. ಮುಂದ ಕಂಪನಿ ಬಿಟ್ಟ ಮ್ಯಾಲೂ ಕರಕೊಂಡು ಬರಲಿಲ್ಲ. ಯಾಕಂದ್ರ..."

ನಿಲ್ಲಿಸಿದರು. ಕಿವಿಯನ್ನು ಸ್ವಲ್ಪ ನನ್ನತ್ತ ತಿರುಗಿಸಿದರು. ನಾನು ತಲೆಯಾಡಿಸಿದೆ. ಬಹಳ ಅನುಕಂಪದಿಂದ, ಕಣ್ಣಲ್ಲಿ ನೀರು ತಂದುಕೊಂಡು, ಎರಡು ಮೂರು ಸಲ ಆಡಿಸಿದೆ. ಅವರು ಕಾದರು. ಹೊರಗೆ ಯಾವುದೋ ಸ್ಕೂಟರ್ ಹೋಯಿತು. "ಹೋಗ್ಲಿ ಬಿಡ್ರಿ," ಅಂದರು, "ಯಾರಿಗೆ ಬೇಕಾಗೇತಿ ಅದು." ಮತ್ತೆ ಕಾಲಪೇಟಿಯ ಮಾಸ್ತರರ ಸುದ್ದಿಗೆ ಹೊರಳಿದರು. ಒಳ್ಳೆಯ ಕಲಾವಿದೆ, ಮನಸ್ಸಾದಾಗ ಮತ್ತೆ ಅಲ್ಲಿಗೇ ಬರುತ್ತಾರೆ ಅಂದುಕೊಂಡೆ. ಬರಲಿಲ್ಲ.

ಮನೆಗೆ ಬಂದು ಮುದ್ರಿಸಿದ್ದನ್ನು ಕೇಳುತ್ತ ಬರೆದುಕೊಳ್ಳಲು ಕೂತಾಗ ಆ ಜಾಗ ಬಂತು. ಹನ್ನೊಂದು ಸೆಕೆಂಡಿನ ಮೌನ. ನಾನು ತಲೆಯಾಡಿಸಿದ್ದು ಅದರಲ್ಲಿ ಎಲ್ಲಿ ಕೇಳಬೇಕು? ಅವರಿಗೂ ಅದು ಕಂಡಿರಲಿಲ್ಲ ಅಂತ ಆವಾಗ ತಿಳಿಯಿತು. ಥೂ ನಿನ್ನ, ಅಂತ ನನಗೆ ನಾನೇ ಬೈದುಕೊಂಡೆ. ಮತ್ತೊಮ್ಮೆ ಹೋಗಿ ಕೂರಬೇಕು, ಈ ಸಲ ಬಾಯ್ತುಂಬ ಹೂಂ ಅನ್ನಬೇಕು, ಸಂಗ್ರಹಾಲಯದವರು ಬೇಕಾದರೆ ಕಸಕ್ಕೆ ಹಾಕಲಿ ಅಂತ ನಿಶ್ಚಯಿಸಿದೆ. ಆದರೆ ಪರೀಕ್ಷೆ ಬಂತು, ಜನಗಣತಿ ಕೆಲಸ ಬಂತು. ಹುಲಗೂರಿಗೆ ಒಬ್ಬ ತಬಲಾದವರ ಸಂದರ್ಶನಕ್ಕೆ ಹೋದ ದಿನವಂತೂ ಶಿಗ್ಗಾವಿಯ ಬಸ್‌ಸ್ಟ್ಯಾಂಡಿನಲ್ಲಿ ಸವಣೂರಿನ ಬಸ್ಸು ಎದುರಿಗೇ ನಿಂತಿತ್ತು, ಸೀಟುಗಳೂ ಖಾಲಿ ಇದ್ದವು. ತಲೆ ನೋಯುತ್ತಿದೆ, ಮುಂದಿನ ವಾರ ನೋಡಿದರಾಯಿತು ಅಂತ ಹಾನಗಲ್ಲಿನ ಬಸ್ಸು ಹತ್ತಿದೆ. ಆ ತಲೆನೋವು ಚಹಾ ಕುಡಿದ ಮೇಲೆ ಹೋಯಿತು. ನಾನು ಮಾತ್ರ ಮತ್ತೆ ಸವಣೂರಿಗೆ ಹೋಗಲಿಲ್ಲ.

ಭಾನುವಾರ ಹಿರೇಕೆರೂರಿಗೆ ಹೋದೆ. ಮಗಳು ಅರವತ್ತರ ಆಸುಪಾಸಿನವರು, ಅಂಗನವಾಡಿಯಲ್ಲಿ ಅಡುಗೆ ಕೆಲಸ ಮಾಡಿ ನಿವೃತ್ತರಾಗಿ ಈಗ ಮನೆಯಲ್ಲಿದ್ದರು. ನೆಲ ಸಾರಿಸಿ, ಹೊಸ ಚಾಪೆ ಹಾಸಿ, ತಲೆ ತುಂಬ ಸೆರಗು ಹೊದ್ದು, ದೊಡ್ಡವರು ಮನೆಗೆ ಬರುತ್ತಾರೆ ಅನ್ನುವಂತೆ ಕಾಯುತ್ತಿದ್ದರು. ದಾರಿಯುದ್ದಕ್ಕೂ ಹೇಳಬೇಕು ಅಂದುಕೊಂಡದ್ದನ್ನು ನಾನು ಹೇಳಲಿಲ್ಲ. ಲ್ಯಾಪ್‌ಟಾಪು ತೆರೆದು ಹಚ್ಚಿದೆ.

ತಾಯಿಯ ದನಿ ಬಂದೊಡನೆ ಅವರು ಕೈ ಮುಗಿದರು. ವನ್ಸ್‌ಮೋರಿಗೆ ನಕ್ಕರು. ಬಾಲಕೃಷ್ಣನ ಹಾಡಿಗೆ ಕಣ್ಣೊರೆಸಿಕೊಂಡರು. "ಕೂಸನ್ನ ಹಿರೇಕೆರೂರಾಗ" ಅನ್ನುವಷ್ಟರಲ್ಲಿ ಉಸಿರು ಹಿಡಿದು ಮುಂದಕ್ಕೆ ಬಾಗಿದರು. ನಾನು ಗೋಡೆ ನೋಡುತ್ತ ಕೂತೆ. ಮೌನ ಬಂತು, ಸ್ಕೂಟರ್ ಹೋಯಿತು, "ಹೋಗ್ಲಿ ಬಿಡ್ರಿ" ಅನ್ನುವ ಮಾತೂ ಬಂತು.

ಮಗಳು ತಟ್ಟನೆ ಕೈಯೆತ್ತಿದರು. ನಾನು ನಿಲ್ಲಿಸಿದೆ.

"ಅಕ್ಕೋರ, ಅಲ್ಲೆ ಯಾರೂ ಇದ್ದಿಲ್ಲೇನ್ರಿ? ಅವ್ವ ಒಬ್ಬಾಕಿನ ಕುಂತು ಮಾತಾಡಾಕತ್ತಿದ್ಲೇನು?"

"ನಾ ಇದ್ದೆರಿ ಅಕ್ಕಾರ," ಅಂದೆ. "ಎದುರಿಗೇ ಕುಂತಿದ್ದೆ."

"ಮತ್ತ?"

ಹೇಳತೊಡಗಿದೆ. ತರಬೇತಿಯ ಮಾತು, ಮುಖ್ಯಸ್ಥರು ನಕ್ಕದ್ದು, ಬಾಯೊಳಗಿನ ಲವಂಗ, ಕಾಣದವರ ಎದುರು ತಲೆಯಾಡಿಸಿದ್ದು, ಶಿಗ್ಗಾವಿಯಲ್ಲಿ ಹತ್ತದೇ ಬಿಟ್ಟ ಬಸ್ಸು. ನನ್ನ ಬಾಯಿಂದ ಬರುತ್ತಿದ್ದ ಒಂದೊಂದು ಕಾರಣವೂ ನನಗೇ ನಾಚಿಕೆ ತರುತ್ತಿತ್ತು, ಆದರೂ ನಿಲ್ಲಿಸಲು ಆಗಲಿಲ್ಲ. ಅವರು ಬೈಯಲಿಲ್ಲ. ಸೆರಗಿನ ತುದಿ ಹಿಡಿದುಕೊಂಡು, ನೆಲ ನೋಡುತ್ತ, ಎರಡು ಮಾತಿಗೊಮ್ಮೆ "ಹೂಂ... ಹೂಂ..." ಅನ್ನುತ್ತ, ನಾನು ಹೇಳಿದ್ದನ್ನು ಪೂರ್ತಿ ಕೇಳಿದರು.