ರಾಜಿ ಮೊಯಿನ್ ಸಾಬರು

ಜಗಳ ಬಿಡಿಸುವುದನ್ನೇ ಕಸುಬು ಮಾಡಿಕೊಂಡ ಮೊಯಿನ್ ಸಾಬರು ಕೂತು ಒಂದು ಚಹಾ ಮುಗಿಸಿದ್ದನ್ನು ಶಿರಾಳಕೊಪ್ಪದ ಪೇಟೆಯಲ್ಲಿ ಯಾರೂ ಕಂಡಿಲ್ಲ. ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಹೊತ್ತು ಓಡಾಡಿಯೇ ಚಪ್ಪಲಿ ಅಂಗಡಿಯವನನ್ನು ಸಾಕುತ್ತಿದ್ದಾರೆ. ವೀರಬಸಪ್ಪ ಎದುರಂಗಡಿಯವನನ್ನು "ಆ ಕಳ್ಳನ ಮುಖ ನೋಡಲ್ಲ ಕಣ್ರೀ" ಎಂದು ಬೈದರೆ, ಸಾಬರು ರಸ್ತೆ ದಾಟುವಷ್ಟರಲ್ಲಿ ಅದು "ನಿಮ್ಮ ಮುಖ ನೋಡೋಕೆ ಅವರಿಗೆ ಸಂಕೋಚ ಅಂತೆ" ಎಂದಾಗಿರುತ್ತದೆ. ರಾಜಿಯೂ ಆಗುತ್ತದೆ. ಆಗದಿರುವುದು ಸೊರಬದಲ್ಲಿ ಮಾತು ಬಿಟ್ಟು ಕೂತಿರುವ ಸ್ವಂತ ಅಣ್ಣನ ಜೊತೆಗೆ ಮಾತ್ರ. ಮೊನ್ನೆ ಇವರಲ್ಲೇ ಕಸುಬು ಕಲಿತ ಕಲೀಂ ಅಲ್ಲಿಂದ ಬಂದು, "ಚಾಚಾ, ಹಬ್ಬಕ್ಕೆ ಬರ್ಲೇಬೇಕಂತೆ. ನಿಮ್ಮಣ್ಣ ಕಣ್ಣೀರು ಹಾಕಿದ್ರು" ಎಂದ. ಸಾಬರು ಸೊರಬದ ಬಸ್ಸು ಹತ್ತಿದರು, ಇಳಿದರು, ಮತ್ತೆ ಹತ್ತಿ ಇಳಿದರು. ಕೊನೆಗೆ ಕಲೀಮನ ಕೈ ಹಿಡಿದುಕೊಂಡು ಹೇಳಿದರು: "ಅಣ್ಣ ಬೈದಿದ್ರೆ ಬೈದ ಹಾಗೇ ಹೇಳೋ, ಅದನ್ನಾದ್ರೆ ನಂಬಿ ಹೋಗ್ತೀನಿ."