ಅಲೆಯ ಹಲಗೆಗೊಂದು ಬಾಲ

ಗುಂಡ್ಲುಪೇಟೆಯಿಂದ ಕೇರಳಕ್ಕೆ ಈರುಳ್ಳಿ ಹೇರಿಕೊಂಡು ಹೋದ ಲಾರಿಯಲ್ಲಿ ನನ್ನ ಗಂಡ ವಾಪಸ್ಸು ತರುತ್ತಿದ್ದದ್ದು ತೆಂಗಿನಕಾಯಿ, ನೇಂದ್ರ ಬಾಳೆಯ ಚಿಪ್ಸು, ಇಷ್ಟೇ. ಮದುವೆಯಾದ ಮಾರನೇ ವರ್ಷ, ತೊಂಬತ್ತರ ದಶಕದ ನಡುವಿನಲ್ಲಿ, ಒಂದು ಮುರುಕು ಹಲಗೆ ತಂದರು. ಎದೆಯೆತ್ತರದ ಹಲಗೆ. ಮೂತಿ ಗುಂಡಗಿದ್ದು ಸ್ವಲ್ಪ ಮೇಲಕ್ಕೆ ಬಾಗಿತ್ತು, ಹಿಂಭಾಗ ಕೊಳೆತು ಉದುರಿಹೋಗಿತ್ತು. ಕಡಲ ದಂಡೆಯ ಹುಡುಗರು ಅಂಥದರ ಮೇಲೆ ಬೋರಲು ಮಲಗಿ ಅಲೆಯ ಜೊತೆ ಜಾರಿಕೊಂಡು ಬರುತ್ತಾರಂತೆ. ಅವನ್ನು ಪ್ರವಾಸಿಗಳಿಗೆ ಬಾಡಿಗೆಗೆ ಕೊಡುವ ಲಾಡ್ಜಿನವನೊಬ್ಬ, ಹೊಸದು ಮಾಡುವ ಬಡಗಿಯಿದ್ದರೆ ಹೇಳಿ ಎಂದಿದ್ದನಂತೆ. ಇವರು ಬಡಗಿಯಾದ ತಮ್ಮ ಅಪ್ಪನನ್ನು ನೆನೆದು ಹಲಗೆಯನ್ನು ಲಾರಿಗೆ ಎಸೆದುಕೊಂಡು ಬಂದಿದ್ದರು.

ನಮ್ಮ ಮಾವ ಕಡಲನ್ನು ಕಂಡವರಲ್ಲ. ಗಾಡಿ, ನೇಗಿಲು, ಬಾಗಿಲು ಮಾಡಿ ಕೈ ಪಳಗಿಸಿಕೊಂಡವರು. ಟ್ರ್ಯಾಕ್ಟರ್ ಬಂದ ಮೇಲೆ ಗಾಡಿ ಮಾಡಿಸುವವರು ಕಡಿಮೆಯಾಗಿ, ಹೊಸ ಕೆಲಸವೆಂದರೆ ಅವರ ಕಣ್ಣು ಅರಳುತ್ತಿತ್ತು. ಹಲಗೆಯನ್ನು ಮಗ್ಗುಲು ಬದಲಿಸಿ ನೋಡಿ, ಬಾಲ ಹೇಗಿತ್ತು ಎಂದು ಕೇಳಿದರು. ನನ್ನ ಗಂಡನದು ಯಾವತ್ತೂ ಅಡ್ಡಗೋಡೆಯ ಮೇಲೆ ದೀಪವಿಟ್ಟ ಉತ್ತರ. ಕೆಲವಕ್ಕೆ ಚೂಪು, ಕೆಲವಕ್ಕೆ ಚೌಕ, ಯಾವುದು ಒಳ್ಳೆಯದೋ ಗೊತ್ತಿಲ್ಲ ಅಂದರು. ಮಾಡಿ ನೀರಿಗಿಳಿಸಿ ನೋಡೋಣವೆಂದರೆ ಅಪ್ಪನಿಗೂ ಈಜು ಬಾರದು, ಮಗನಿಗೂ ಬಾರದು.

ನನಗೆ ಬರುತ್ತಿತ್ತು. ಚಂದಕವಾಡಿಯ ನಮ್ಮ ಹೊಲದ ಬಾವಿಯಲ್ಲಿ ಅಣ್ಣಂದಿರ ಜೊತೆ ಬಿದ್ದು ಬೆಳೆದವಳು ನಾನು. ಮದುವೆಯಾದದ್ದೇ ತಡ, ನೀರು ಬಿಂದಿಗೆಯಲ್ಲಿ ಹೊರುವ ವಸ್ತುವಾಯಿತು. ಸೊಸೆಯಾದವಳು ಈಜುವುದುಂಟೇ? ತವರನ್ನು ಬಿಟ್ಟಾಗ ಅತ್ತದ್ದು ಮೂರು ದಿನಕ್ಕೆ ನಿಂತಿತ್ತು, ಆ ಬಾವಿಯ ನೆನಪು ಮಾತ್ರ ನಿಲ್ಲಲಿಲ್ಲ. ಬಟ್ಟೆ ಒಗೆಯುವಾಗ ಬಕೆಟ್ಟಿನಲ್ಲಿ ಮೊಣಕೈವರೆಗೆ ಕೈ ಮುಳುಗಿಸಿ ಸುಮ್ಮನೆ ಕೂತುಬಿಡುತ್ತಿದ್ದೆ. ಹಾಗಾಗಿ ಅಡುಗೆಮನೆಯಿಂದಲೇ, ನಾನು ನೋಡುತ್ತೇನೆ ಎಂದೆ. ಮಾವ ಬಾಗಿಲ ಕಡೆ ನೋಡಿದರು. ಅತ್ತೆ ಹೊರಗೆ ಹೋಗಿದ್ದರು. ಸರಿ, ನಿಮ್ಮತ್ತೆಗೆ ಹೇಳಬೇಡ ಅಂದರು.

ಬೂರುಗದ ಮರ ಹಗುರವೆಂದು ಅದರಲ್ಲೇ ಎರಡು ಹಲಗೆ ಕೊಯ್ದರು. ಒಂದರ ಬಾಲ ನೇಗಿಲ ಮೊನೆಯ ಹಾಗೆ ಚೂಪು, ಇನ್ನೊಂದರದು ಚೌಕ. ಅವರ ನಂಬಿಕೆಯೆಲ್ಲ ಚೂಪಿನ ಮೇಲೆ. ಹಿಡಿತವಿಲ್ಲದ ಸಾಮಾನು ಯಾತಕ್ಕೂ ಬಾರದು ಎನ್ನುವ ಮನುಷ್ಯ. ಹಂಗಳದಲ್ಲಿ ಅತ್ತೆಯ ತಂಗಿಯ ಮನೆ. ಹಲಗೆಗಳನ್ನು ಅಲ್ಲೊಬ್ಬರಿಗೆ ಕೊಡಬೇಕೆಂದು ಅತ್ತೆಗೆ ಹೇಳಿ ಎಲ್ಲರೂ ಹೊರಟೆವು. ಅಕ್ಕತಂಗಿಯರನ್ನು ಮಾತಿಗೆ ಬಿಟ್ಟು, ಆ ಮನೆಯ ಬೈಕು ತೆಗೆದುಕೊಂಡು ನಾವು ಮೂವರು ಅಲ್ಲಿನ ಕೆರೆಗೆ ಹೋದೆವು. ಕೆರೆಯಲ್ಲಿ ಅಲೆಯೆಲ್ಲಿ ಬಂತು? ಎತ್ತು ಕಟ್ಟಿ ಎಳೆಸೋಣ ಎಂದು ಮಾವ ಅಂದದ್ದಕ್ಕೆ ನಾನು ನಕ್ಕುಬಿಟ್ಟೆ. ಕೊನೆಗೆ ಬೈಕಿಗೆ ಉದ್ದನೆಯ ಹಗ್ಗ ಕಟ್ಟಿ ಗಂಡ ಏರಿಯ ಮೇಲೆ ಓಡಿಸುವುದು, ಹಗ್ಗದ ತುದಿ ಹಿಡಿದು ಹಲಗೆಯ ಮೇಲೆ ನಾನು ಮಲಗುವುದು ಎಂದಾಯಿತು. ಗಂಡನದೇ ಹಳೆಯ ಪ್ಯಾಂಟು, ತುಂಬುತೋಳಿನ ಅಂಗಿ ತೊಟ್ಟು ನೀರಿಗಿಳಿದೆ. ಈಜಿ ಎರಡು ವರ್ಷವಾಗುತ್ತ ಬಂದಿತ್ತು. ಕೆರೆಯ ನೀರು ಕುತ್ತಿಗೆಗೆ ಬಂದಾಗ ಎಷ್ಟು ಸುಖವಾಯಿತೆಂದರೆ ಹಲಗೆಯ ಕೆಲಸವೇ ಮರೆತುಹೋಗಿತ್ತು.

ಚೂಪು ಬಾಲದ್ದು ಸಾಲು ಹೊಡೆದ ಹಾಗೆ ನೆಟ್ಟಗೆ ಹೋಯಿತು. ಆದರೆ ಹಿಂದೆ ಅಗಲವಿಲ್ಲದ್ದಕ್ಕೆ ನನ್ನ ಸೊಂಟದ ಭಾರಕ್ಕೆ ಬಾಲ ಮುಳುಗಿ, ಮೂತಿ ಎದ್ದು, ಎದುರಿನ ನೀರನ್ನೆಲ್ಲ ತಳ್ಳಿಕೊಂಡು ತೆವಳಿತು. ಚೌಕದ್ದು ಬೇರೆಯೇ ಜಾತಿ. ಹಗ್ಗ ಬಿಗಿದದ್ದೇ ಹಿಂಭಾಗ ಎದ್ದು ನೀರಿನ ಮೇಲ್ಮೈಯಲ್ಲೇ ಹಾರಿತು. ಹೊಟ್ಟೆಯ ಕೆಳಗೆ ನೀರು ಜುಮ್ಮೆನ್ನುತ್ತಿತ್ತು. ಹಗ್ಗ ಏರಿಯ ಕಡೆಗೆ ಎಳೆಯುತ್ತಿದೆಯೆಂದು ಆಚೆಗೆ ವಾಲಿದೆ, ನೋಡಿ, ಬಾಲಕ್ಕೆ ಹಿಡಿತವೇ ಇಲ್ಲ. ಅಡ್ಡಡ್ಡ ಜಾರಿ ಏರಿಯ ಕಲ್ಲುಗಳ ಹತ್ತಿರ ಮಗುಚಿಕೊಂಡಿತು. ಹಲಗೆ ಮೇಲೆ, ನಾನು ಕೆಳಗೆ.

ಅಷ್ಟು ಹೊತ್ತಿಗೆ ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಊರ ಕಡೆ ಓಡಿದ್ದಳು. ಸೊಸೆ ಮತ್ತು ಕೆರೆ ಎರಡನ್ನೂ ಒಟ್ಟಿಗೆ ಕಂಡರೆ ನಮ್ಮ ಕಡೆ ಒಂದೇ ಅರ್ಥ. ಗುಂಡ್ಲುಪೇಟೆಯಿಂದ ಬಂದ ನೆಂಟರ ಸೊಸೆ ಕೆರೆಗೆ ಬಿದ್ದಳು ಎಂಬ ಸುದ್ದಿ ಅತ್ತೆಯ ಕಿವಿಗೆ ಬಿತ್ತು. ಅತ್ತೆ ಬರಿಗಾಲಲ್ಲಿ ಓಡಿ ಬಂದಾಗ ನಾನು ಕಲ್ಲಿನ ಮೇಲೆ ಕೂತು, ತರಚಿದ ಮೊಣಕಾಲು ನೋಡಿಕೊಂಡು ನಗುತ್ತಿದ್ದೆ. ಅವರು ನೆಲಕ್ಕೆ ಕುಸಿದು ಅಳತೊಡಗಿದರು.

“ನೀ ಸತ್ತಿದ್ರ ಅತ್ತಯೇ ತಳ್ಳುದ್ಲು ಅಂತಿತ್ತು ಊರು. ನಿಂಗ ಆಟ,” ಅಂದರು.

ನನ್ನ ನಗು ನಿಂತಿತು. ಬದುಕಿದ್ದಾಳಲ್ಲ ಎಂದು ಮಾವ ಸಮಾಧಾನ ಹೇಳಲು ಹೋಗಿ ಬೈಸಿಕೊಂಡರು. ಇನ್ನು ಮೇಲೆ ಇವಳು ನೀರಿಗಿಳಿದರೆ ನಾನು ಮನೆಯಲ್ಲಿರುವುದಿಲ್ಲ ಎಂದು ಅತ್ತೆ ಅಲ್ಲೇ ಹೇಳಿಬಿಟ್ಟರು.

ಅಲ್ಲಿಗೆ ಬಾವಿಯೂ ಹೋಯಿತು, ಕೆರೆಯೂ ಹೋಯಿತು ಅಂದುಕೊಂಡೆ. ಮಾವ ಮಾತ್ರ ಬಿಡಲಿಲ್ಲ. ನಾನು ರೊಟ್ಟಿ ಹಾಕುವಾಗ, ಯಾವ ಹಲಗೆ ಹೇಗೆ ಓಡಿತೆಂದು ಪಿಸುದನಿಯಲ್ಲಿ ಕೇಳುತ್ತಿದ್ದರು. ಚೂಪಿಗೆ ಹಿಡಿತವಿದೆ ಓಟವಿಲ್ಲ, ಚೌಕಕ್ಕೆ ಓಟವಿದೆ ಹಿಡಿತವಿಲ್ಲ ಎಂದೆ. ಹಾಗಾದರೆ ಅಗಲ ಹಾಗೇ ಇರಲಿ, ಮೂಲೆಗೊಂದರಂತೆ ಎರಡು ಚೂಪು ಇಡೋಣ ಎಂದು, ಚೌಕದ ನಡುವೆ ಸೀಳು ಕೊಟ್ಟು ಮೂರನೇ ಹಲಗೆ ಮಾಡಿದರು. ಮೀನಿನ ಬಾಲದಂತೆಯೇ ಇತ್ತು. ಮಾಡಿ ಗೋಡೆಗೆ ಒರಗಿಸಿಟ್ಟರು. ಅದನ್ನು ನೋಡಿದಾಗಲೆಲ್ಲ ನನಗೆ ಅತ್ತೆಯ ಮೇಲೆ ಸಿಟ್ಟು ಬರುತ್ತಿತ್ತು, ಅವರ ಬರಿಗಾಲು ನೆನಪಾದರೆ ಇಳಿಯುತ್ತಿತ್ತು.

ಒಂದು ಮಧ್ಯಾಹ್ನ ಇಬ್ಬರೂ ಅವರೆಕಾಯಿ ಬಿಡಿಸುತ್ತಿದ್ದೆವು. ತಲೆಯೆತ್ತದೆ ಅತ್ತೆ ಕೇಳಿದರು. “ನಿಂಗ ನೀರು ಅಂದ್ರ ಅಷ್ಟು ಆಸಯ?”

ಹೂಂ ಎಂದೆ. ಬಾವಿಯ ಕಥೆ ಶುರುಮಾಡಿದೆ. ಮೆಟ್ಟಿಲ ಮೇಲಿಂದ ಹಾರುತ್ತಿದ್ದದ್ದು, ತಳದ ಮಣ್ಣು ತಂದು ತೋರಿಸಿ ಪಂದ್ಯ ಗೆಲ್ಲುತ್ತಿದ್ದದ್ದು, ಎಲ್ಲ ಹೇಳುತ್ತ ಹೇಳುತ್ತ ಅಳು ಬಂತು. ಅತ್ತೆ ಸಿಪ್ಪೆ ಬಳಿದು ದನಕ್ಕೆ ಹಾಕಿಬಂದರು.

ಭಾನುವಾರ ಬೆಳಿಗ್ಗೆ ನೋಡಿದರೆ ಅತ್ತೆ ಚೀಲ ಹಿಡಿದು ಹೊರಟು ನಿಂತಿದ್ದಾರೆ.

“ಆ ಹಲಗ ಎತ್ಕೊಳಿ. ನಾನೂ ಬತ್ತೀನಿ. ಇವ್ಳ ಅತ್ತ ಎದ್ರುಗೇ ಕೂತವ್ಳ ಅಂತ ಜನ ನೋಡ್ಲಿ.”

ಮಾವ ಚಪ್ಪಲಿ ಹುಡುಕುವ ನೆಪದಲ್ಲಿ ಮುಖ ತಿರುಗಿಸಿಕೊಂಡರು. ಹಂಗಳದ ಬಸ್ಸಿನ ಟಾಪಿಗೆ ಹಲಗೆ ಏರಿತು. ಕೆರೆಯ ಏರಿಯ ಮೇಲೆ, ಎಲ್ಲರಿಗೂ ಕಾಣುವ ಜಾಗ ನೋಡಿ ಅತ್ತೆ ಚಕ್ಕಳಮಕ್ಕಳ ಕೂತರು. ದಾರಿಯಲ್ಲಿ ಹೋಗುವವರನ್ನೆಲ್ಲ ತಾವೇ ಕರೆದು, ನಮ್ಮ ಸೊಸೆ ಹಲಗೆ ಪರೀಕ್ಷೆ ಮಾಡುತ್ತಾಳೆ ಎಂದು ಹೇಳುತ್ತಿದ್ದರು.

ಬೈಕು ಹೊರಟಿತು. ಬಾಲ ಅಗಲವಿತ್ತಲ್ಲ, ಹಲಗೆ ತಕ್ಷಣ ಎದ್ದಿತು. ಎಡಕ್ಕೆ ವಾಲಿದೆ. ಆ ಕಡೆಯ ಮೊನೆ ನೀರನ್ನು ಕಚ್ಚಿ ಹಿಡಿಯಿತು, ನಡುವಿನ ಸೀಳಿನಿಂದ ನೀರು ತಡೆಯಿಲ್ಲದೆ ಹರಿದುಹೋಯಿತು. ಜಾರಲಿಲ್ಲ, ಮುಳುಗಲಿಲ್ಲ. ಏರಿಯ ಕಲ್ಲುಗಳಿಂದ ದೂರಕ್ಕೆ, ನಾನು ಎಲ್ಲಿಗೆ ಅಂದರೆ ಅಲ್ಲಿಗೆ ತಿರುಗಿತು. ಇಡೀ ಕೆರೆ ನನ್ನದೇ ಅನ್ನಿಸಿತು. ಸುಮ್ಮನೆ ಕೂಗಿಕೊಂಡೆ.

ದಡಕ್ಕೆ ಬಂದಾಗ ಮಾವ ಬಾಲವನ್ನು ಸವರಿ ನೋಡುತ್ತ ಕೂತುಬಿಟ್ಟರು. ಅತ್ತೆ ನನ್ನನ್ನು ಎಳೆದು ಕೂರಿಸಿಕೊಂಡು ಟವೆಲಿನಿಂದ ಗಸಗಸ ತಲೆ ಒರೆಸಿದರು. ಆಯಿತು, ಇದೇ ಕೊನೆ ಅನ್ನುತ್ತಾರೆಂದು ಕಾದೆ.

“ಎಡಕ್ಕ ಚೆಂದಾಗಿ ತಿರುಗ್ತು. ಬಲಕ್ಕ ತಿರುಗುದ್ದ ನಾ ಕಾಣ್ನಿಲ್ಲ,” ಅಂದರು. “ಇನ್ನೊಂದ್ಸತಿ ಓಗು ಕಣಮ್ಮಿ.”

ಒರೆಸಿದ ತಲೆ ಮತ್ತೆ ಒದ್ದೆಯಾಗುತ್ತದಲ್ಲ ಎಂದೆ.

“ಆಗ್ಲಿ ಬುಡು. ಎರಡು ಟವಲ್ ತಂದಿವ್ನಿ.”